ಬಿಯರು ಚೆಲ್ಲಿದ್ದಕ್ಕೆ ಸಾಕ್ಷಿ

“ಮೂಸಿ ನೋಡಿ ಸರ್” ಎಂದು ಪಬ್ಬು ನಡೆಸುವವಳು ಗ್ಲಾಸನ್ನು ಮೂಗಿನ ಹತ್ತಿರ ತಂದಾಗ, ತನ್ನ ಮುಖದ ಮೇಲೆ ಮಾಸ್ಕ್ ಇದೆಯೆಂಬುದು ಅವನಿಗೆ ನೆನಪಾಯಿತು. ತೆಗೆಯುವುದೋ ಬಿಡುವುದೋ ತಿಳಿಯದೆ ಬಟ್ಟೆಯ ಮೇಲಿನಿಂದಲೇ ಮೂಸಿದ. ಬೆಳಿಗ್ಗೆ ಕುಡಿದ ಕಾಫಿಯ ವಾಸನೆ ಬಂತು.

“ಹೌದು, ಹಾಳಾಗಿದೆ” ಎಂದ.

“ಹುಳಿ ಹುಳಿ ಅಲ್ವಾ?”

“ಪೂರ್ತಿ ಹುಳಿ.”

ಜೀವಮಾನದಲ್ಲಿ ಒಂದು ತೊಟ್ಟು ಬಿಯರು ಕುಡಿದವನಲ್ಲ. ಅರ್ಥಶಾಸ್ತ್ರ ಓದಿದ್ದ; ಕೆಲಸ ಕೊಟ್ಟದ್ದು ಪಬ್ಬುಗಳ ಕಂಪನಿ. ಸಾಬೂನಿನ ಕಂಪನಿ ಕರೆದಿದ್ದರೆ ಅಲ್ಲಿಗೂ ಇದೇ ಶರ್ಟು ಹಾಕಿಕೊಂಡು ಹೋಗುತ್ತಿದ್ದ. ಊರಿನ ಈ ಭಾಗದ ಪಬ್ಬುಗಳಿಗೆಲ್ಲ ಈಗ ಅವನೇ ಏರಿಯಾ ಮ್ಯಾನೇಜರ್. ರೋಗ ಬಂದು ಎಲ್ಲ ಪಬ್ಬುಗಳಿಗೂ ಬೀಗ ಬಿದ್ದ ಮೇಲೆ ಬಡ್ತಿ ಸಿಕ್ಕಿತ್ತು. ಮದುವೆ ನಿಂತುಹೋದ ಮನೆಯಲ್ಲಿ ಪುರೋಹಿತನ ಕೆಲಸ ಸಿಕ್ಕ ಹಾಗೆ ಎಂದು ಅವನ ಹೆಂಡತಿ ನಕ್ಕಿದ್ದಳು.

ಹಳಸಿದ ಬಿಯರನ್ನು ಪಬ್ಬಿನವರು ತಾವಾಗಿಯೇ ಚೆಲ್ಲುವಂತಿರಲಿಲ್ಲ. ಕುಡಿದು ಮುಗಿಸಿ ಚೆಲ್ಲಿದೆವು ಎಂದರೆ ಏನು ಮಾಡುವುದು? ಆದ್ದರಿಂದ ಕಂಪನಿಯ ಒಬ್ಬ ಮನುಷ್ಯ ಎದುರಿಗೆ ನಿಂತು ನೋಡಬೇಕು. ಕೆಲವು ವಾರಗಳಿಂದ ಅವನ ಕೆಲಸವೇ ಇದಾಗಿತ್ತು. ಒಂದೊಂದು ಪಬ್ಬಿಗೆ ಹೋಗಿ, ಕೈ ಕಟ್ಟಿ ನಿಂತು, ಬಿಯರು ಚರಂಡಿಗೆ ಹೋಗುವುದನ್ನು ನೋಡಿ ಬರುತ್ತಿದ್ದ.

ಮತ್ತೆ ತೆರೆಯಲಿರುವ ಪಬ್ಬುಗಳಲ್ಲೂ ಚೆಲ್ಲಬೇಕು. ಇನ್ನೆಂದೂ ತೆರೆಯದ ಪಬ್ಬುಗಳಲ್ಲೂ ಚೆಲ್ಲಬೇಕು. ತುಂಬಿದ ಪೀಪಾಯಿಗಳಿರುವ ಕಟ್ಟಡವನ್ನು ಕೊಳ್ಳುವವರು ಒಪ್ಪುವುದಿಲ್ಲ. ಎರಡೂ ಕಡೆ ಕೆಲಸ ಒಂದೇ. ಚೆಲ್ಲುವುದು, ನಲ್ಲಿಗೆ ಬಿಯರು ತರುವ ಕೊಳವೆಗಳಿಗೆ ತೊಳೆಯುವ ಔಷಧಿ ಬಿಡುವುದು, ನೀರು ಹಾಯಿಸುವುದು. ಎರಡನೆಯ ಕಡೆ ಇದರ ಜೊತೆಗೆ ಒಂದು ಮಾತು ಹೇಳಿ ಬರಬೇಕಾಗಿತ್ತು.

ಈ ಮೂಲೆ ಪಬ್ಬು ಎರಡನೆಯ ಬಗೆಯದು. ಅದನ್ನು ಅವಳಿಗೆ ಅವನಿನ್ನೂ ಹೇಳಿರಲಿಲ್ಲ.

ಬಿಯರು ಚೆಲ್ಲಿಸಲು ಬರುತ್ತೇನೆಂದು ನಿನ್ನೆ ಫೋನು ಮಾಡಿದಾಗ ಅವಳು, “ಅಂತೂ ಬಂತಲ್ಲ ಸರ್ ಆ ದಿನ” ಎಂದಿದ್ದಳು. “ಬಂತು” ಎಂದಿದ್ದ. ಅಷ್ಟೇ. ಅವಳ ಲೆಕ್ಕದಲ್ಲಿ ಹಳೆಯದನ್ನು ಚೆಲ್ಲುವುದೆಂದರೆ ಹೊಸದಕ್ಕೆ ಜಾಗ ಮಾಡುವುದು. ಇಷ್ಟು ವರ್ಷ ಹಾಗೆಯೇ ನಡೆದಿತ್ತು. ಇಂದು ಬಂದು ನೋಡಿದರೆ ನೆಲ ಒರೆಸಿತ್ತು. ಹಿತ್ತಾಳೆಯ ನಲ್ಲಿಗಳನ್ನು ಮುಖ ಕಾಣುವಂತೆ ಉಜ್ಜಿದ್ದರು. ಎಲ್ಲ ದೀಪಗಳೂ ಹತ್ತಿದ್ದವು.

ಹೇಳುವುದನ್ನು ಬಾಗಿಲಲ್ಲಿ ನಿಂತೇ ಹೇಳಿಬಿಡಿ, ಕುಳಿತ ಮೇಲೆ ನಿಮಗೆ ಬಾಯಿ ಬರುವುದಿಲ್ಲ ಎಂದು ಹೆಂಡತಿ ಬೆಳಿಗ್ಗೆ ಎಚ್ಚರಿಸಿದ್ದಳು. ಅವನೂ ಹಾಗೆಯೇ ನಿಶ್ಚಯಿಸಿದ್ದ. ಆದರೆ ಬಾಗಿಲಲ್ಲಿ ಅವಳು ಕುರ್ಚಿ ಹಿಡಿದುಕೊಂಡೇ ನಿಂತಿದ್ದಳು.

ನೆಲಮಾಳಿಗೆಯಿಂದ ಅವಳ ಗಂಡ ಪೀಪಾಯಿಯೊಂದನ್ನು ಉರುಳಿಸಿಕೊಂಡು ಇಳಿಜಾರಿನಲ್ಲಿ ಮೇಲೆ ಬಂದ. ದೊಡ್ಡ ಮೈಯ ಮನುಷ್ಯ. ಅವನಿಗೆ ರೋಗ ಬಂದು ಹೋಗಿತ್ತು.

“ಎಲ್ಲಾ ವಾಪಸ್ ಕೊಡ್ತು ಸರ್. ಮೂಗು ಮಾತ್ರ ಇಟ್ಕೊಂಡ್ಬಿಡ್ತು” ಎಂದ.

ಮೊದಲೆಲ್ಲ ವಾಸನೆಯಿಂದಲೇ ಪೀಪಾಯಿಯ ಹಣೆಬರಹ ಹೇಳುತ್ತಿದ್ದನಂತೆ. ಈಗ ಹೆಂಡತಿಯನ್ನು ಕೇಳಬೇಕು. ಪ್ರತಿ ಪೀಪಾಯಿ ತೆರೆದಾಗಲೂ ಅವನು ಅವಳ ಮುಖ ನೋಡುತ್ತಿದ್ದ. ಅವಳು ಮೂಗು ಮುರಿದರೆ ಬಗ್ಗಿಸುತ್ತಿದ್ದ. ವಾಸನೆ ತಿಳಿಯದವನು ಚೆಲ್ಲುತ್ತಾನೆ, ರುಚಿ ತಿಳಿಯದವನು ಸಾಕ್ಷಿ ನಿಲ್ಲುತ್ತಾನೆ ಎಂದು ಮ್ಯಾನೇಜರ್ ಅಂದುಕೊಂಡ. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ ನಗುತ್ತಾಳೆ. ಅವನಿಗೆ ಮಾತ್ರ ಯಾಕೋ ನಗು ಬರಲಿಲ್ಲ.

ಹಿತ್ತಲಿನ ಚರಂಡಿಯಲ್ಲಿ ನೊರೆ ಉಕ್ಕಿ ಹರಿಯಿತು. ಸಾಕ್ಷಿಯಾಗಿ ಅವನು ನೋಡುತ್ತ ನಿಂತ.

ಹೋದ ವಾರ ಕಂಪ್ಯೂಟರಿನ ಪರದೆಯ ಮೇಲೆ ಸಭೆ ಸೇರಿತ್ತು. ಕಂಪನಿಯಲ್ಲಿ ಎಲ್ಲರೂ ‘ದೊಡ್ಡವರು’ ಎಂದು ಕರೆಯುವ ನಿರ್ದೇಶಕರು ಒಂದೇ ಪ್ರಶ್ನೆ ಕೇಳಿದ್ದರು. ಬಾಗಿಲು ಹೀಗೇ ಮುಚ್ಚಿದ್ದರೆ ನಾವು ಬದುಕುತ್ತೇವೋ ಇಲ್ಲವೋ? ಓದಿದವನೆಂದು ಉತ್ತರ ಹುಡುಕುವ ಕೆಲಸ ಅವನ ಪಾಲಿಗೆ ಬಂದಿತ್ತು. ರಾತ್ರಿಯೆಲ್ಲ ಕೂತು ಯೋಚಿಸಿದಾಗ ಅವನಿಗೆ ಹೊಳೆದದ್ದು ತೀರ ಸರಳವಾದ ಸಂಗತಿ. ಕಂಪನಿಯ ಹತ್ತಿರ ಇರುವುದು ಬಿಯರಲ್ಲ, ಬೀದಿ ಮೂಲೆಗಳಲ್ಲಿ ನಿಂತ ಕಟ್ಟಡಗಳು. “ಕಂಪನಿ ಖಂಡಿತ ಉಳಿಯುತ್ತದೆ. ಅದಕ್ಕೆ ಪಬ್ಬುಗಳು ಉಳಿಯಬೇಕಾಗಿಲ್ಲ” ಎಂದಿದ್ದ. ಚೌಕಚೌಕದೊಳಗಿನ ಮುಖಗಳು ಅರಳಿದವು. ಯಾರೋ ಚಪ್ಪಾಳೆ ತಟ್ಟಿದರು. ಮೈಕು ಬಂದ್ ಆಗಿದ್ದರಿಂದ ಕೈಗಳು ಕೂಡಿದ್ದು ಮಾತ್ರ ಕಾಣಿಸಿತು. ಮೊದಲು ಮಾರುವುದು ಯಾವುದನ್ನು ಎಂದು ದೊಡ್ಡವರು ಕೇಳಿದಾಗ, ಎರಡು ರಸ್ತೆ ಕೂಡುವ ಈ ಜಾಗವನ್ನು ತೋರಿಸಿದ್ದೂ ಅವನೇ.

ಮೇಲಿನ ಎರಡು ಕೋಣೆಗಳಲ್ಲಿ ಈ ಗಂಡಹೆಂಡಿರ ಸಂಸಾರ ಇದೆಯೆಂಬುದು ಆಗಲೂ ಅವನಿಗೆ ಗೊತ್ತಿತ್ತು. ಪಬ್ಬಿನ ಬೀಗದಕೈ ಕೊಟ್ಟರೆ ಮನೆಯದೂ ಕೊಟ್ಟ ಹಾಗೆ. ಪರದೆಯ ಮೇಲೆ ಅದು ಮುಖ್ಯವೆನಿಸಿರಲಿಲ್ಲ. ಇಲ್ಲಿ ಕತ್ತೆತ್ತಿದರೆ ಮಹಡಿಯ ಕಿಟಕಿಗೆ ಒಣಹಾಕಿದ ಟವೆಲುಗಳು ಕಾಣುತ್ತಿದ್ದವು.

“ಒಂದು ವಿಷಯ ಹೇಳ್ಬೇಕಿತ್ತು” ಎಂದ.

ಇಬ್ಬರೂ ಕೆಲಸ ನಿಲ್ಲಿಸಿ ನೋಡಿದರು. ಅವಳ ಕೈಯಲ್ಲಿ ಪೊರಕೆಯಿತ್ತು.

“ಮೇಜುಗಳನ್ನ ದೂರ ದೂರ ಹಾಕ್ಬೇಕಾಗುತ್ತೆ.”

“ಅದಾ! ನಾನೇ ಕೇಳೋಣ ಅಂತಿದ್ದೆ” ಎಂದಳು ಅವಳು.

ಆಮೇಲೆ ಅವನು ಶರ್ಟಿನ ತೋಳು ಮಡಚಿ ಅವರ ಜೊತೆ ಮೇಜು ಎಳೆದ. ಕಿಟಕಿಯ ಪಕ್ಕ ಒಬ್ಬೊಬ್ಬರೇ ಕೂರುವ ಹಾಗಿರಲಿ ಎಂದ. ಒಳಗೆ ಬರುವ ದಾರಿ ಬೇರೆ, ಹೊರಗೆ ಹೋಗುವ ದಾರಿ ಬೇರೆ ಇರಲಿ ಎಂದ. ನಿಜವಾಗಿ ತೆರೆಯಲಿರುವ ಪಬ್ಬುಗಳಲ್ಲೂ ಅವನು ಇಷ್ಟು ಮುತುವರ್ಜಿ ತೋರಿಸಿರಲಿಲ್ಲ. ಗಂಡ ಒಂದು ತುದಿ ಹಿಡಿದರೆ ಇವನು ಇನ್ನೊಂದು ತುದಿ ಹಿಡಿದ. ಬೆವರು ಬಂತು. ಎಷ್ಟೋ ತಿಂಗಳಿಂದ ಬರೀ ಕೂತು, ಕೈ ಕಟ್ಟಿ ನಿಂತು ಕಳೆದ ಮೈಗೆ ಹಿತವೆನಿಸಿತು. ತನಗೆ ಸಂತೋಷವಾಗುತ್ತಿದೆ ಎಂದು ತಿಳಿದಾಗ ನಾಚಿಕೆಯಾಯಿತು. ಆದರೂ ಮೇಜನ್ನು ಕೈಬಿಡಲಿಲ್ಲ.

“ಆ ಸೇತುವೆ ಹತ್ತಿರದ ಪಬ್ಬು ಮುಚ್ಚೇ ಬಿಟ್ರಂತೆ?” ಎಂದು ಗಂಡ ಕೇಳಿದ.

“ಹೂಂ. ಬೇರೆ ಕಂಪನಿಯದು.”

“ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೊಳ್ತಾರಾ ಸರ್?” ಎಂದವನು ತನ್ನ ಮೂಗನ್ನು ಮುಟ್ಟಿಕೊಂಡು ತಾನೇ ನಕ್ಕ. ಅವಳೂ ನಕ್ಕಳು.

ಕಾಲಕ್ಕೆ ತಕ್ಕ ಹಾಗೆ ಒಬ್ಬೊಬ್ಬರು ಒಂದೊಂದು ನಿರ್ಧಾರ ತೆಗೆದುಕೊಳ್ಳುತ್ತಾರೆ, ಎಲ್ಲಕ್ಕೂ ಕಾರಣಗಳಿರುತ್ತವೆ, ಯಾವುದನ್ನೂ ಹೀಗೇ ಎಂದು ಹೇಳಲಾಗದು ಎಂದು ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಹೇಳಿದ. ಅವರು ಗೌರವದಿಂದ ಕೇಳಿಸಿಕೊಂಡರು. ಓದಿದವರ ಮಾತು ಹಾಗೆಯೇ ಇರುತ್ತದೆಂದು ತಿಳಿದಿರಬೇಕು.

ಕೊಳವೆಗಳಿಗೆ ಔಷಧಿ ಬಿಟ್ಟು, ಅದು ಕೆಲಸ ಮಾಡುವವರೆಗೆ ಕಾಯ್ದು, ನೀರು ಹಾಯಿಸಿದರು. ನಲ್ಲಿಯಿಂದ ಮೊದಲು ಕಂದು ಬಣ್ಣ ಬಂತು. ಆಮೇಲೆ ಮಬ್ಬು ನೀರು, ಕೊನೆಗೆ ತಿಳಿ. ಇಷ್ಟಾದ ಮೇಲೆ ಯಾರಾದರೂ ಒಂದು ಗುಟುಕು ಕುಡಿದು, ಔಷಧಿಯ ರುಚಿ ಉಳಿದಿಲ್ಲವೆಂದು ಹೇಳಬೇಕು. ಗಂಡನದೇ ಆ ಕೆಲಸವಾಗಿತ್ತು. ಮೂಗಿನ ಜೊತೆ ನಾಲಿಗೆಯೂ ಹೋಗಿದ್ದರಿಂದ ಅವನು ದೂರ ನಿಂತ. ಅವಳು ಕುಡಿದಳು. ಇನ್ನೊಂದು ಗ್ಲಾಸು ತುಂಬಿ, ಬಟ್ಟೆಯಿಂದ ತಳ ಒರೆಸಿ, ಗಿರಾಕಿಗೆ ಇಡುವಂತೆ ಕೌಂಟರಿನ ಮೇಲೆ ಅವನ ಮುಂದೆ ಇಟ್ಟಳು.

“ನೀವೂ ನೋಡಿ ಸರ್. ಸಾಕ್ಷಿ ಅಲ್ವಾ?”

ಅವನು ಮಾಸ್ಕನ್ನು ಗಲ್ಲಕ್ಕೆ ಇಳಿಸಿದ. ಅವಳು ಅವನನ್ನೇ ನೋಡಿದಳು.

“ನಿಮ್ಮ ಮುಖ ನೋಡಿದ್ದು ಇವತ್ತೇ. ಯಾರೋ ವಯಸ್ಸಾದವರು ಅಂದ್ಕೊಂಡಿದ್ದೆ” ಎಂದಳು.

ಅವನು ಕುಡಿದ. ಬರೀ ನೀರು. ತಣ್ಣಗಿತ್ತು.

“ಏನೂ ಇಲ್ಲ ತಾನೇ?”

“ಏನೂ ಇಲ್ಲ.”

ಅವಳಿಗೆ ಅಷ್ಟೇ ಬೇಕಾಗಿತ್ತು. ಮೂವರೂ ಕೌಂಟರಿಗೆ ಒರಗಿ ನಿಂತರು. ಅವಳು ಒಂದು ಸಂಗತಿ ಹೇಳಿದಳು. ಮುಚ್ಚಿದ ಹೊಸದರಲ್ಲಿ ಸಂಜೆಯ ಹೊತ್ತಿಗೆ ಕೆಳಗಿಳಿದು ಬಂದು ಕೌಂಟರಿನ ಹಿಂದೆ ನಿಲ್ಲುತ್ತಿದ್ದಳಂತೆ, ಸುಮ್ಮನೆ. ನಿಲ್ಲದಿದ್ದರೆ ಕಾಲು ನೋಯುತ್ತಿತ್ತಂತೆ. ನಿಂತು ನೋವಾಗುವುದು ಲೋಕಕ್ಕೆಲ್ಲ ಗೊತ್ತು, ನಿಲ್ಲದೆ ನೋವಾಗುವುದು ಇವಳೊಬ್ಬಳಿಗೆ ಎಂದು ಗಂಡ ಹಾಸ್ಯ ಮಾಡಿದ. ಅವಳು ನಗಲಿಲ್ಲ.

“ಹೆದರಿಕೆ ಆಗಿತ್ತು ಸರ್. ಇನ್ನು ಯಾರೂ ಬರಲ್ವೇನೋ ಅಂತ. ಇವತ್ತು ನೀವು ಬಂದ ಮೇಲೆ ಎದೆ ಹಗುರ ಆಯ್ತು” ಎಂದಳು. ಆಮೇಲೆ ಕೇಳಿದಳು: “ಹೊಸ ಪೀಪಾಯಿ ಯಾವತ್ತು ಬರುತ್ತೆ?”

ಈಗ ಹೇಳಬೇಕು ಎಂದುಕೊಂಡ. ಮಾತು ನಾಲಿಗೆಯ ತುದಿಯವರೆಗೆ ಬಂತು. ಅವಳು ಕಾಯುತ್ತಿದ್ದಳು, ಗಂಡ ಅವಳ ಮುಖ ನೋಡುತ್ತಿದ್ದ. ಪಾಪ ಎನಿಸಿತು. ಅವರ ಬಗೆಗೋ ತನ್ನ ಬಗೆಗೋ ಸ್ಪಷ್ಟವಾಗಲಿಲ್ಲ.

“ಅದನ್ನೇ ಹೇಳೋಕೆ...” ಎನ್ನುವಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಬದುಕಿದೆ ಎಂದು ಹಿತ್ತಲಿಗೆ ಓಡಿದ.

ದೊಡ್ಡವರು. ಮುಗಿಯಿತೇ ಎಂದು ಕೇಳಿದರು. ಚೆಲ್ಲಿ ಆಯಿತು ಎಂದ.

“ಅವರಿಗೆ ಹೇಳಿದ್ರಾ?”

“ಹೇಳ್ತಾ ಇದ್ದೀನಿ.”

“ಗಲಾಟೆ ಏನಾದ್ರೂ?”

“ಇಲ್ಲ ಸರ್. ಖುಷಿಯಾಗಿದ್ದಾರೆ.”



“ನಿಮ್ಮ ಕೈಗುಣ ಕಣ್ರೀ. ಉಳಿದ ಕಡೆಗೂ ನಿಮ್ಮನ್ನೇ ಕಳಿಸ್ತೀನಿ” ಎಂದು ದೊಡ್ಡವರು ಫೋನು ಇಟ್ಟರು.

ಚರಂಡಿಯ ಬದಿಯಲ್ಲಿ ಅವನು ನಿಂತ. ಒಳಗೆ ಅವಳು ಏನೋ ಹೇಳುತ್ತಿದ್ದಳು, ಕುರ್ಚಿ ಎಳೆಯುವ ಸದ್ದು ಬರುತ್ತಿತ್ತು. ಇದೇ ಬಾಗಿಲಿನಿಂದ ಒಳಗೆ ಹೋದರೆ ಮತ್ತೆ ಕುರ್ಚಿ ಕೊಡುತ್ತಾರೆ, ಮತ್ತೆ ಬಾಯಿ ಕಟ್ಟುತ್ತದೆ. ಕಟ್ಟಡ ಬಳಸಿ ಹೋಗಿ ಮುಂಬಾಗಿಲಲ್ಲಿ ನಿಂತು, ಈಗಷ್ಟೇ ಬಂದವನ ಹಾಗೆ ಮೊದಲ ಮಾತೇ ಅದನ್ನು ಹೇಳಿಬಿಡುವುದೆಂದು ತೀರ್ಮಾನಿಸಿದ. “ಈ ಪಬ್ಬು ಇನ್ನು ತೆರೆಯೋದಿಲ್ಲ” ಎಂದು ಮೆಲ್ಲಗೆ ಹೇಳಿ ನೋಡಿಕೊಂಡ. ಕಷ್ಟವೇನಿರಲಿಲ್ಲ. ಮಾಸ್ಕ್ ಮೇಲೇರಿಸಿ ನಡೆದ.

ಮೂಲೆ ತಿರುಗಿದಾಗ ರಸ್ತೆಯಲ್ಲಿ ಜನ ಕಂಡರು.

ಚೆಲ್ಲಿದ ಬಿಯರು ಚರಂಡಿ ಹಿಡಿದು ಬೀದಿಯುದ್ದ ಹರಿದಿತ್ತು. ಹುಳಿಯೋ ಸಿಹಿಯೋ, ಎಷ್ಟೋ ತಿಂಗಳ ಮೇಲೆ ಆ ವಾಸನೆ ಕಿಟಕಿಗಳನ್ನು ಹೊಕ್ಕಿತ್ತು. ಮೂಗಿದ್ದವರು ಹೊರಗೆ ಬಂದಿದ್ದರು. ದೀಪ ಉರಿಯುತ್ತಿತ್ತು, ಬಾಗಿಲು ತೆರೆದಿತ್ತು, ಗಾಜಿನೊಳಗೆ ಮೇಜುಗಳು ಸಜ್ಜಾಗಿದ್ದವು. ಯಾರೂ ಹೇಳದಿದ್ದರೂ ಒಬ್ಬರ ಹಿಂದೆ ಒಬ್ಬರು ದೂರ ದೂರ ನಿಂತಿದ್ದರು. ಇತ್ತೀಚೆಗೆ ಇಬ್ಬರು ಸೇರಿದರೆ ಸಾಲಾಗುತ್ತಿತ್ತು. ಒಬ್ಬ ತಲೆ ಬಾಚಿಕೊಂಡು ಬಂದಿದ್ದ. ಒಬ್ಬಾಕೆ ಮನೆಯ ಚಪ್ಪಲಿಯಲ್ಲೇ ಬಂದಿದ್ದಳು. ಸಾಲು ಬಾಗಿಲಿನಿಂದ ಬೀದಿದೀಪದ ಕಂಬದವರೆಗೆ ಬೆಳೆದಿತ್ತು.

ಹೊಸ್ತಿಲಲ್ಲಿ ಅವಳು ನಿಂತಿದ್ದಳು. ಇನ್ನೂ ಏನೂ ಬಂದಿಲ್ಲ, ಕಂಪನಿಯವರು ಇಲ್ಲೇ ಇದ್ದಾರೆ, ಅವರೇ ಬಂದು ದಿನ ಹೇಳುತ್ತಾರೆ, ಒಂದು ನಿಮಿಷ ನಿಲ್ಲಿ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಅವಳ ಕಣ್ಣು ಅವನಿಗಾಗಿ ಒಳಗಿನ ಹಿತ್ತಲ ಬಾಗಿಲ ಕಡೆಗೇ ಇತ್ತು.

ಅವನು ಸಾಲಿನ ಪಕ್ಕದಿಂದ ನುಸುಳಿ ಮುಂದೆ ಹೋಗಲು ನೋಡಿದ.

“ಸಾಲಲ್ಲಿ ಬನ್ನಿ ಸ್ವಾಮಿ. ನಾವೂ ಕಾಯ್ತಾ ಇರೋರೇ” ಎಂದ ತಲೆ ಬಾಚಿಕೊಂಡವನು.

ನಾನು ಕಂಪನಿಯವನು ಎನ್ನಬಹುದಾಗಿತ್ತು. ಎಂದಿದ್ದರೆ ಸಾಲೆಲ್ಲ ಇಬ್ಭಾಗವಾಗಿ ದಾರಿ ಬಿಡುತ್ತಿತ್ತು. ಹೊಸ್ತಿಲವರೆಗೆ ಹೋಗಬಹುದಾಗಿತ್ತು, ಎಲ್ಲರೂ ಅವನ ಬಾಯಿ ನೋಡುತ್ತಿದ್ದರು.

“ಹೌದು, ತಪ್ಪಾಯ್ತು” ಎಂದ.

ಹಿಂದಕ್ಕೆ ನಡೆದು, ಕಂಬ ದಾಟಿ, ಕೊನೆಯಲ್ಲಿ ನಿಂತ. ಮನೆಯ ಚಪ್ಪಲಿಯಾಕೆ ತಿರುಗಿ ನೋಡಿದಳು.

“ತೆರೀತಾರಂತಾ?”

“ಹಾಗಂತಾರೆ” ಎಂದ.

ಅವನ ಹಿಂದೆ ಯಾರೋ ಬಂದು ನಿಂತರು, ಅವರ ಹಿಂದೆ ಇನ್ನೊಬ್ಬರು. ದೂರದಲ್ಲಿ ಅವಳು ಒಳಗೆ ಹೋಗಿ ‘ಸರ್, ಸರ್’ ಎಂದು ಕರೆಯುವುದು ಕೇಳಿಸಿತು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅವನೂ ಒಂದು ಹೆಜ್ಜೆ ಮುಂದೆ ಸರಿದ.