ಬಾಗೊಂಗನ ದನಿ

ಬೆಳಗಿನ ಬಿಸಿಲಲ್ಲಿ ಜಗಲಿಯ ಮೇಲೆ ಚಾಪೆ ಹಾಸಿ ತೊಗಲುಗೊಂಬೆಗಳನ್ನು ಒರೆಸುತ್ತಿದ್ದೆ. ಅಮ್ಮ ಒಂದೊಂದೇ ಕೊಡುತ್ತಿದ್ದಳು, ನಾನು ದೂಳು ತೆಗೆದು ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಅರ್ಜುನ, ಭೀಮ ಆದ ಮೇಲೆ ಸೆಮಾರ್ ಬಂದ. ಅರ್ಜುನನ ಮುದಿ ಆಳು, ಡೊಳ್ಳುಹೊಟ್ಟೆಯವನು, ನಗಿಸುವವನು. ಆದರೆ ಮೂಲದಲ್ಲಿ ದೇವರು. ಅವನಿಗೆ ಹೂವಿಟ್ಟು ಬೇರೆ ಬಟ್ಟೆಯಲ್ಲಿ ಸುತ್ತಿದೆ. ಕೊನೆಗೆ ಉಳಿದವನು ಅವನ ಕಿರಿಮಗ ಬಾಗೊಂಗ್. ಅವನನ್ನು ಅಮ್ಮ ನನ್ನ ಕೈಗೆ ಕೊಡದೆ ತಾನೇ ಒರೆಸಿದಳು.

ನನಗೆ ಉಗ್ಗು. ಅದರಿಂದಲೇ ಐದನೇ ತರಗತಿಗೆ ಶಾಲೆ ಬಿಟ್ಟೆ. ಅಪ್ಪನಿಗೆ ಗೊಂಬೆಯಾಟದಲ್ಲಿ ಸುತ್ತ ಹತ್ತೂರಲ್ಲಿ ಹೆಸರು.

ನಿನ್ನೆ ಕೊಯ್ಲಿನ ಹಬ್ಬಕ್ಕೆ ಊರಲ್ಲಿ ಅಪ್ಪನ ಹಗಲಾಟ. ಪರದೆಯ ಮೇಲೆ ಬಾಗೊಂಗ್ ಸಂತೆಗೆ ಬಂದ.

"ಅಕ್ಕಾ, ತೆ... ತೆ... ತೆಂಪೆ ಕೊ... ಕೊಡಕ್ಕಾ!"

ಅದು ನನ್ನ ದನಿ. 'ಕೊ' ಅನ್ನುವ ಮುಂಚೆ ನಾನು ಎಳೆದುಕೊಳ್ಳುವ ಉಸಿರನ್ನೂ ಅಪ್ಪ ಬಿಟ್ಟಿರಲಿಲ್ಲ.

"ನಿಧಾನ ಮಗಾ," ಅಂದ ಸೆಮಾರ್. "ನೀನು ಕೇಳಿ ಮುಗಿಸೋದ್ರಲ್ಲಿ ಆ ತೆಂಪೆಯ ಸೋಯಾ ಕಾಳು ಮೊಳೆತು ಗಿಡ ಆಗಿರುತ್ತೆ!"

ಜನ ಬಿದ್ದು ಬಿದ್ದು ನಕ್ಕರು. ತೆಂಪೆ ಮಾರುವ ಪೊನಿಯೆಮ್ ಅಕ್ಕ ನನ್ನ ಕಡೆ ಕೈ ತೋರಿಸಿದಳು. "ಅಯ್ಯೋ, ಇದು ನಮ್ಮ ವಾರ್ಸಿನಿ ಕಣ್ರೇ!"

ಎಲ್ಲರೂ ತಿರುಗಿದರು. ನಾನೂ ಬಾಯಿಗೆ ಸೆರಗು ಹಿಡಿದು ನಕ್ಕೆ. ಆಟದಲ್ಲಿ ಸೆಮಾರನ ಮನೆಯವರು ಏನಂದರೂ ಯಾರೂ ಸಿಟ್ಟಾಗುವ ಹಾಗಿಲ್ಲ.

ಈಗ ಬೇಲಿಯಾಚೆ ಮಕ್ಕಳು ಕೂಗಿದರು: "ಬಾ-ಬಾ-ಬಾಗೊಂಗ್!"

ಅಪ್ಪ ಕಾಫಿ ಲೋಟ ಹಿಡಿದು ಹೊರಗೆ ಬಂದರು.

"ಕೇಳಿಸ್ತಾ ನಿಮ್ಗೆ?" ಅಂದಳು ಅಮ್ಮ.

"ಮಕ್ಕಳು, ಬಿಡೆ. ಜನ ನಕ್ಕರೆ ಆಟ ಗೆದ್ದಂಗೆ. ಮುಂದಿನ ವಾರ ಪಕ್ಕದೂರಿನೋರಿಗೂ ಅದೇ ಬಾಗೊಂಗ್ ಬೇಕಂತೆ."

ಆಮೇಲೆ ನನ್ನ ಮುಖ ನೋಡಿದರು. ಲೋಟ ಕೆಳಗಿಟ್ಟು, ಸೆಮಾರನ ಬಟ್ಟೆ ಬಿಚ್ಚಿ, ಅವನನ್ನು ಎತ್ತಿ ಹಿಡಿದು ನನ್ನೆದುರು ಕೂತರು. ಸೆಮಾರನ ದಪ್ಪ ದನಿಯಲ್ಲಿ ಅಂದರು: "ತಪ್ಪಾಯ್ತು ಕಣವ್ವಾ. ಈ ಮುದುಕನ್ನ ಕ್ಷಮಿಸಿಬಿಡು."

ಅಮ್ಮ ಕೈ ಮುಗಿದಳು. ನನ್ನ ಕೈಯೂ ತಾನಾಗಿ ಮೇಲೆದ್ದಿತು. ನಾಚಿಕೆಯಾಯಿತು, ಇಳಿಸಿಕೊಂಡೆ. ದೇವರೇನೂ ನನಗೆ ತಪ್ಪು ಮಾಡಿರಲಿಲ್ಲ.

"ಅ... ಅಪ್ಪಾ, ಸೆಮಾರನ್ನ ಕೆ... ಕೆಳಗಿಡಿ. ಮುಂದಿನ ವಾರ ಬಾಗೊಂಗನಿಗೆ ನನ್ನ ದನಿ ಹಾಕಲ್ಲ ಅಂತ ನೀವು ಹೇ... ಹೇಳಿ."

ಅಪ್ಪ ಗೊಂಬೆಯ ಕೊಂಬಿನ ಹಿಡಿಯನ್ನೇ ತಿರುಗಿಸುತ್ತ ಕೂತರು. ಅಮ್ಮ ಚಾಪೆಯ ಅಂಚು ಸರಿ ಮಾಡಿದಳು.

"ನಿ... ನಿಮ್ಮ ಬಾಯಲ್ಲೇ ಹೇಳಿ, ಅಪ್ಪಾ."