ಗುಡ್ಡ ಕಂಡ ಯಂತ್ರ

ಮಧು ಬಂದಾಗ ನಾನು ಬ್ಯಾಡಗಿಯ ನಮ್ಮ ಗೋದಾಮಿನಲ್ಲಿ ಹೆಣ್ಣಾಳುಗಳ ನಡುವೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಬಾಗಿಲಲ್ಲೇ ಅವಳಿಗೆ ಸೀನು ಹತ್ತಿತು. ಒಂದರ ಮೇಲೊಂದು. ಎಲ್ಲರೂ ನಕ್ಕರು.

"ರಾಣೆಬೆನ್ನೂರಾಕಿ ಆಗಿ ಇಷ್ಟ ಘಾಟಿಗೆ ಸೋತ್ಯಲ್ಲಬೇ!" ಎಂದಳು ಕರೆವ್ವ.

ನಮಗ್ಯಾರಿಗೂ ಸೀನು ಬರುವುದಿಲ್ಲ. ಘಾಟಿನಲ್ಲಿ ಕೂತು ಕೂತು ನಿಂತುಹೋಗಿದೆ. ರಜೆಗೆ ಬಂದಾಗ ನನ್ನ ಮಗಳು ಅಫ್ರೀನ್ ಕೂಡ ಹೀಗೇ ಬಾಗಿಲಲ್ಲಿ ನಿಂತು ಸೀನುತ್ತಿದ್ದಳು. "ನಿನ್ನ ಮೂಗು ಸತ್ತೈತಿ ಅಮ್ಮೀ" ಎಂದು ಚಾಷ್ಟಿ ಮಾಡುತ್ತಿದ್ದಳು.

ಮಧು, ಅಫ್ರೀನ್ ಒಟ್ಟಿಗೆ ವಿಮಾನ ಹಾರಿಸಲು ಕಲಿತವರು, ಒಂದೇ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಹೋದ ಮಳೆಗಾಲದಲ್ಲಿ ಅಫ್ರೀನ್ ಸಹಪೈಲಟ್ ಆಗಿದ್ದ ಸಣ್ಣ ವಿಮಾನ ಮೋಡದೊಳಗೆ ಗುಡ್ಡಕ್ಕೆ ಬಡಿಯಿತು. ಅಂದಿನಿಂದ ನಾದಿನಿ ಗುಲಾಬಬಿ ಹಾವೇರಿಯಿಂದ ಬಂದಾಗಲೆಲ್ಲ ಒಂದೇ ಮಾತು: "ಯಾರ ಮಾತೂ ಕೇಳದ ಹುಡುಗಿ. ನಿಕಾ ಬ್ಯಾಡ ಅಂದ್ಲು, ಟೀಚರ್ ಕೆಲಸ ಬ್ಯಾಡ ಅಂದ್ಲು. ಅಲ್ಲೂ ತನ್ನ ಹಟಾನ ಮಾಡಿರ್ತಾಳ." ನನ್ನ ಗಂಡ ಹಜರತಅಲಿ ತಂಗಿಗೆ ಉತ್ತರ ಕೊಡುತ್ತಿರಲಿಲ್ಲ. ಅವರೂ ಹಾಗೇ ಅಂದುಕೊಂಡಿದ್ದಾರೆ ಎಂದು ನನಗೆ ತಿಳಿಯುತ್ತಿತ್ತು. ನನಗೆ ಬೇಕಾಗಿದ್ದುದು ಇಷ್ಟೇ: ತಪ್ಪು ನನ್ನ ಮಗಳದಾಗಿತ್ತೇ?

ತನಿಖೆ ಮುಗಿದಿತ್ತು. ಅದನ್ನು ಹೇಳಲೆಂದೇ ಮಧು ಬಂದಿದ್ದಳು. ಮನೆಯೊಳಗೆ ಕೂರಿಸಿ ನೀರು ಕೊಟ್ಟೆ.

"ಚಾಚಿ, ವಿಮಾನದಾಗ ಒಂದು ಯಂತ್ರ ಇರ್ತದ. ಅದರೊಳಗ ಗುಡ್ಡ, ಕಣಿವಿ, ರನ್‌ವೇ ಎಲ್ಲಾದರ ನಕಾಶಿ ಇರ್ತದ. ನಾವು ಎಲ್ಲಿದ್ದೀವಿ, ಎಷ್ಟು ಎತ್ತರದಾಗ ಇದ್ದೀವಿ ಅಂತ ನೋಡಿ, ಮುಂದ ಗುಡ್ಡ ಬರೂದಿದ್ರ ಮೊದಲ ಕೂಗ್ತದ. ಮೋಡದಾಗ ನಮಗ ಕಾಣದಿದ್ರೂ ಅದಕ್ಕ ಗೊತ್ತಿರ್ತದ."

"ಏನಂತ ಕೂಗ್ತದ?"

"ನೆಲ, ನೆಲ ಅಂತ. ಆಮ್ಯಾಲೆ, ಮ್ಯಾಲೆ ಎಳಿ, ಮ್ಯಾಲೆ ಎಳಿ ಅಂತ."

"ಅವತ್ತು ಕೂಗಲಿಲ್ಲೇನು?"

ಮಧು ಲೋಟ ಕೆಳಗಿಟ್ಟಳು. "ಕೂಗ್ತು. ಆದ್ರ ಅವರು ಇಳಿಯಬೇಕಿದ್ದ ಊರಿನ ಸಣ್ಣ ರನ್‌ವೇ ಅದರ ನಕಾಶಿಯೊಳಗ ಇರಲಿಲ್ಲ. ಹಾದಿ ಸರಿ ಇದ್ರೂ ಇಳಿಯುವಾಗೆಲ್ಲ ಸುಳ್ಳ ಕೂಗ್ತಿತ್ತು. ಅಲ್ಲಿ ಹೋಗೋರೆಲ್ಲ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸೂದು ರೂಢಿ ಆಗಿತ್ತು. ಅವತ್ತು ಹಾದಿ ತಪ್ಪಿತ್ತು. ಅದು ಖರೇನ ಕೂಗಿತ್ತು."

ಗೋದಾಮಿನಿಂದ ಮತ್ತೆ ನಗು ಕೇಳಿಸಿತು. ನನಗರಿವಿಲ್ಲದೆ ಮೂಗು ಮುಟ್ಟಿಕೊಂಡೆ.

"ಯಾರು ಒತ್ತಿದ್ರು ಮಧು?"

ಅವಳು ಕಣ್ಣು ತಗ್ಗಿಸಿದಳು. "ಅಫ್ರೀನ್, ಚಾಚಿ. ಕ್ಯಾಪ್ಟನ್ ಬಂದ್ ಮಾಡು ಅಂದ್ರು. ರೆಕಾರ್ಡಿಂಗ್‌ನಾಗ ಐತಿ. 'ಸರ್, ಈ ಸಲ ಖರೇ ಇರಬೇಕು, ಮ್ಯಾಲೆ ಹೋಗೂಣು' ಅಂದಾಳ ಅಕಿ. ಅವರು ಇನ್ನೊಮ್ಮೆ, ಬಂದ್ ಮಾಡು ಅಂದ್ರು. ಒತ್ತಿದ್ಲು. ತೀರಾ ಹತ್ರ ಬಂದಾಗ, ಕೆಳಗ ನೆಲ ಎಷ್ಟು ದೂರ ಐತಿ ಅಂತ ಅಳಿಯೂ ಇನ್ನೊಂದು ಸಾಧನ ಕೂಗಿತು. ಅಷ್ಟೊತ್ತಿಗೆ..."

ಅವಳ ಕೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡೆ. ಇದೂ ಅಂಥದೇ ಕೈ, ಅದೇ ವಯಸ್ಸಿನದು. ನನ್ನ ಬೆರಳುಗಳ ಖಾರ ಅವಳಿಗೆ ಉರಿದಿರಬೇಕು. ಆದರೂ ಹಿಂದಕ್ಕೆಳೆದುಕೊಳ್ಳಲಿಲ್ಲ.

ಮಧು ರಾಣೆಬೆನ್ನೂರಿನ ಬಸ್ಸಿಗೆ ಹೋದಮೇಲೆ ಹಜರತಅಲಿ ನಮಾಜು ಮುಗಿಸಿ ಬಂದರು. ಅವಳು ಬರುತ್ತಾಳೆಂದು ಗೊತ್ತಿದ್ದೇ ಇಷ್ಟು ತಡಮಾಡಿದ್ದರು.

"ಏನಂದ್ಲು?" ಎಂದರು, ಗೋಡೆ ನೋಡುತ್ತ.

ಅರ್ಧ ಹೇಳಬಹುದಿತ್ತು. ಯಂತ್ರ ಸುಳ್ಳು ಹೇಳುತ್ತಿತ್ತು ಎಂದರೆ ಅವರಿಗೆ ಸಾಕಾಗುತ್ತಿತ್ತು. ಆದರೆ ನನ್ನ ಮಗಳು ಅಂದ ಮಾತು ಈ ಮನೆಯಲ್ಲಿ ಒಮ್ಮೆಯಾದರೂ ಕೇಳಿಸಬೇಕಿತ್ತು. ಎಲ್ಲ ಹೇಳಿದೆ.

ಅವರು ಟೋಪಿ ತೆಗೆದು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಮ್ಯಾಲೆ ಹೋಗೂಣು ಅಂದಿದ್ಲಾ?"

"ಹೂಂರಿ."

"ಬಂದ್ ಮಾಡು ಅಂದಕೂಡ್ಲೆ ಮಾಡಿದ್ಲಾ?"

"ಎರಡನೇ ಸಲಕ್ಕ ಮಾಡಿದ್ಲು."

ಅವರು ಹೊಸ್ತಿಲ ಮೇಲೆ ಕೂತರು. "ನನ್ನ ಮಾತು ಒಂದಿನ ಕೇಳಲಿಲ್ಲ ಅಕಿ," ಎಂದರು. ಆ ಧ್ವನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಎಷ್ಟ ಬೈದೆ, ಎಷ್ಟ ಹೆದರಿಸಿದೆ, ಕೇಳಲಿಲ್ಲ. ಅವರ ಮಾತು ಯಾಕ ಕೇಳಿದ್ಲು?"