ನಾಲಿಗೆಯ ಮೇಲೆ ಕೆಂಪು ಬೆಳಕು

ಕಿಟಕಿಗೆ ಕಟ್ಟಿದ ಕಂಬಳಿಯಲ್ಲಿ ಎಲ್ಲೋ ಒಂದು ಎಳೆ ಸಡಿಲಾಗಿದೆ, ಸೂಜಿಮೊನೆಯಷ್ಟು ಬಿಸಿಲು ನನ್ನ ಹೆಬ್ಬೆರಳ ಮೇಲೆ ಬಿದ್ದಿದೆ, ಕಾಲು ಎಳೆದುಕೊಳ್ಳಬೇಕು, ಎಳೆದುಕೊಂಡೆ — ಚಿಂಚಲಿಯ ಬಿಸಿಲಲ್ಲೇ ಕುರಿ ಹಿಂದೆ ಅಲೆದು ಬೆಳೆದ ಈ ಸಾವಕ್ಕ ಒಂಬತ್ತು ದಿನದಿಂದ ಬಿಸಿಲಿಗೆ ಹೆದರಿ ಮೂಲೆ ಹಿಡಿದಿದ್ದಾಳೆ, ಕಂಬಳಿ ನಮ್ಮ ಮನೆಯವರದು, ಕುರಿಯ ವಾಸನೆ, ಅವರ ಬೆವರಿನ ವಾಸನೆ, ಮೂಗಿಗೆ ಒತ್ತಿಕೊಳ್ಳೋಣವೆಂದರೆ ಕಿಟಕಿ ತೆರೆದುಬಿಡುತ್ತದೆ — ಹೊಗೆಸೊಪ್ಪಿನ ಮಿಶ್ರಿ ಹಲ್ಲಿಗೆ ತಿಕ್ಕಿ ತಿಕ್ಕಿ ನಾಲಿಗೆಯ ಅಂಚಿಗೆ ಎದ್ದ ಹುಣ್ಣು ನೋಡಿ ಮೊದಲ ಡಾಕ್ಟರು ಕ್ಯಾನ್ಸರ್ ಐತಿ, ನಾಲಿಗಿ ತುಂಡು ತೆಗೀಬೇಕಾಗತೈತಿ ಎಂದಾಗ ನನಗಿಂತ ಮೊದಲು ಅತ್ತವರು ಅವರೇ, ಆಮೇಲೆ ದೊಡ್ಡಾಸ್ಪತ್ರೆಯ ಕೋಮಲ ಎಂಬ ಡಾಕ್ಟರಮ್ಮ ನನ್ನ ಕೈ ಹಿಡಿದು ಹೇಳಿದಳು, ಅಕ್ಕಾರ, ಹುಣ್ಣು ಇನ್ನಾ ಆಳಕ್ಕ ಇಳದಿಲ್ರಿ, ಹೊಸಾ ಔಷಧದ ಪರೀಕ್ಷಾ ನಡಸೇವಿ, ಕಣ್ಣಿಗೆ ಕಾಣದಷ್ಟು ಸಣ್ಣ ಕ್ಯಾಪ್ಸೂಲಿನ್ಯಾಗ ತುಂಬಿ ರಕ್ತಕ್ಕ ಬಿಡ್ತೇವಿ, ಅವು ಹುಣ್ಣಿನ್ಯಾಗ ಹೋಗಿ ಕುಂದರ್ತಾವ, ಕೆಂಪು ಬೆಳಕು ಬಿದ್ದಾಗಷ್ಟ ಕೆಲಸಾ ಮಾಡ್ತಾವ — ನಾಲಿಗಿ ಉಳಿತೈತೇನ್ರಿ ಎಂದೆ — ಉಳಸಾಕಂತನ ಇದು, ಖರೇ ಅಂದ್ರ ನೂರಕ್ಕ ನೂರು ಹೇಳಾಕ ಬರಂಗಿಲ್ಲ, ಮತ್ತ ಮೈಯಾಗ ಉಳಿದ ಔಷಧ ಹೋಗೂತನಾ, ಹನ್ನೆರಡು ದಿನಾ, ಬಿಸಲಿಗೆ ಬರಬ್ಯಾಡ್ರಿ, ಚರ್ಮ ಸುಡತೈತಿ — ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆ, ಬಾಯೊಳಗೆ ಕೆಂಪು ಬೆಳಕು, ಕಣ್ಣಿಗೆ ಕಪ್ಪು ಕನ್ನಡಕ, ಹಸಿಮೆಣಸಿನಕಾಯಿ ಅರೆದಿಟ್ಟಂಥ ಉರಿ, ನಮ್ಮ ಕುರಿಗಳನ್ನು ಒಂದೊಂದಾಗಿ ಕಣ್ಣ ಮುಂದೆ ತಂದುಕೊಂಡು ತಡೆದುಕೊಂಡೆ, ಅವನ್ನೆಲ್ಲ ಹೊಡೆದುಕೊಂಡು ಅವರು ಸತ್ತಿ ಊರಿನ ಕಡೆ ಹೊಳೆದಂಡೆಗೆ ಹೋಗಿದ್ದರು, ಹೋಗದಿದ್ದರೆ ಅವಕ್ಕೆ ಮೇವೆಲ್ಲಿ — ದಿನಾ ಅವರ ಫೋನು, ಮಗಳು ಉಜ್ವಲಾ ಕಿವಿಗೆ ಹಿಡಿಯುತ್ತಾಳೆ, ಉಜ್ವಲಾನ ಅವ್ವ, ಹೂಂ ಅಂತಾದ್ರೂ ಅನ್ನು ಬೇ, ನಾಲಿಗೆ ಬಾತು ಬಾಯಿ ತುಂಬಿತ್ತು, ಫೋನಿಗೆ ಉಗುರು ಬಡಿದೆ, ಟಕ್, ಆ ಕಡೆ ಅವರು ಮೂಗೇರಿಸಿದ್ದು ಕೇಳಿಸಿತು — ಬಾವು ಇಳಿದಿದೆ, ಬೆಳಿಗ್ಗೆ ಗಂಜಿಯಲ್ಲಿ ಉಪ್ಪಿನ ರುಚಿ ಹತ್ತಿತು, ಆದರೂ ಮಾತಾಡಿ ನೋಡಿಲ್ಲ, ತೊದಲಿದರೆ, ಹೊರಡದೇ ಇದ್ದರೆ — ಅಂಗಳದಲ್ಲಿ ಯಾರು, ಯಪ್ಪಾ, ಕದಾ ದೂಡಬ್ಯಾಡ, ಬೆಳಕು ಬರತೈತಿ, ಉಜ್ವಲಾ ಕೂಗುತ್ತಿದ್ದಾಳೆ, ದೂಡಂಗಿಲ್ಲವಾ, ಕುರಿ ಬೀರದೇವಗ ಒಪ್ಪಿಸಿ ಬಂದೇನಿ, ಇಲ್ಲೇ ಹೊರಗ ಕುಂದರ್ತೀನಿ — ಅವರೇ, ಅವರದೇ ದನಿ, ಒಂದು ಹಲಗೆಯ ಆಚೆ, ಉಜ್ವಲಾನ ಅವ್ವ, ಹೆಂಗದೀ, ಕದದ ತನಕ ತೆವಳಿದೆ, ಮದುವೆಯಲ್ಲಿ ಒಡಪಿನ ಪದ್ಯ ಕಟ್ಟಿ ಹೇಳಿದ್ದು ಬಿಟ್ಟರೆ ಇಪ್ಪತ್ತೆರಡು ವರ್ಷ ಬಾಯಿಗೆ ತಾರದ ಗಂಡನ ಹೆಸರು, ಇವತ್ತು ಬೇರೆ ಮಾತೇ ಹೊಳೆಯುತ್ತಿಲ್ಲ, ಮಾಳಸಿದ್ದ, ಎಂದೆ — ಳ ಹೊರಟಿತು, ದ್ದ ಹೊರಟಿತು, ಒಡೆಯಲಿಲ್ಲ — ಸಿಟ್ಟಾದರೇ, ನಕ್ಕರೇ, ಇನ್ನೊಮ್ಮೆ ಅನ್ನು ಬೇ, ಹಲಗೆಗೇ ಬಾಯಿ ಹಚ್ಚಿ ಅನ್ನುತ್ತಾರೆ, ಇನ್ನೊಮ್ಮೆ, ಮಾಳಸಿದ್ದ — ಕದದ ಕೆಳಗಿನ ಸಂದಿಯಲ್ಲಿ ನಾಲ್ಕು ಬೆರಳು ಒಳಗೆ ಬಂದವು, ಉಗುರಿನಲ್ಲಿ ಹೊಳೆದಂಡೆಯ ಎರೆಮಣ್ಣು, ಅವುಗಳ ಮೇಲೆ ಪಟ್ಟಿಯಾಗಿ ಬಿಸಿಲು, ನನ್ನ ಕೈ ಗೇಣು ದೂರದಲ್ಲಿ ನಿಂತಿದೆ, ಇನ್ನು ಮೂರು ದಿನ, ಮುಟ್ಟುವಂತಿಲ್ಲ, ನಾಲ್ಕು ಬೆರಳು, ಬಿಸಿಲು, ಬಿಸಿಲಲ್ಲಿ ಆ ನಾಲ್ಕು ಬೆರಳು